ಮೀಸೆಗೆ ಹಚ್ಚಿದ ಸಮುದ್ರ

ತಾಯಂದಿರೇ, ಅಣ್ಣಂದಿರೇ, ಇವತ್ತಿನ ಮಾತು ಶುರು ಮಾಡುವ ಮೊದಲು ನನ್ನ ಈ ಮೂಗಿನ ಬಗ್ಗೆ ಸ್ವಲ್ಪ ಹೇಳಿಬಿಡಬೇಕು. ನೋಡಿ, ಸರಿಯಾಗಿ ನೋಡಿ. ಇದು ಸಾಮಾನ್ಯ ಮೂಗಲ್ಲ. ಹೋದ ವರ್ಷ ಅರಬ್ಬಿ ಸಮುದ್ರದಲ್ಲಿ ಮಂಜು ಮುಸುಕಿ ಒಂದು ಹಡಗು ದಾರಿ ತಪ್ಪಿತು. ಕ್ಯಾಪ್ಟನ್ ಯಾರಿಗೆ ಫೋನು ಹಚ್ಚಿದ? ಸರಕಾರಕ್ಕಾ? ಅಲ್ಲ. ನನಗೆ ಹಚ್ಚಿದ. ನಾನು ನಮ್ಮೂರಲ್ಲಿ, ಪಡಸಾಲೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ಎದ್ದು ಕಿಟಕಿ ತೆಗೆದೆ. ಮೀಸೆ ತಿರುವಿದೆ. ಪಡುವಣ ಗಾಳಿಯನ್ನು ಒಂದೇ ಒಂದು ಸಲ ಎಳೆದೆ. "ಎಡಕ್ಕ ಹೊಳ್ಳಸಪಾ ತಮ್ಮಾ, ಬಲಕ್ಕ ಬಂಡಿಗಲ್ಲು ಐತಿ, ಪಾಚಿ ವಾಸನಿ ಬರಾಕತ್ತೈತಿ" ಅಂದೆ. ಹೊಳ್ಳಿಸಿದ. ಮುನ್ನೂರು ಜನ ಉಳಿದರು. ಅವರ ಮನೆಗಳಲ್ಲಿ ಇವತ್ತಿಗೂ ನನ್ನ ಫೋಟೋ ಇದೆ ಅಂತ ಕೇಳಿದ್ದೇನೆ.

ಯಾಕೆ ನಗುತ್ತೀರಿ? ಬೇಕಾದರೆ ನನ್ನ ಜೊತೆ ಬಂದಿರುವ ಗುಡದಯ್ಯ ಮಾಸ್ತರರನ್ನು ಕೇಳಿ. ಇಪ್ಪತ್ತೆರಡು ವರ್ಷದಿಂದ ನನ್ನ ಪ್ರವಚನಕ್ಕೆ ಹಾರ್ಮೋನಿಯಂ ಪೆಟ್ಟಿಗೆ ನುಡಿಸುವವರು, ನನ್ನ ಒಂದು ಮಾತಿಗೂ ಇವರು ಎದುರಾಡಿದವರಲ್ಲ. ಏನ್ರೀ ಮಾಸ್ತರ? ನೋಡಿ, ಅವರ ಪೆಟ್ಟಿಗೆ "ಕುಂಯ್" ಅಂದಿತು. ಅದು ಹೌದು ಅಂತ ಅರ್ಥ.

ಇರಲಿ. ಇವತ್ತಿನ ವಿಷಯ ಅಹಂಕಾರ. ನನಗೆ ಅಹಂಕಾರ ಎಳ್ಳಿನ ಸಿಪ್ಪೆಯಷ್ಟೂ ಇಲ್ಲ. ಈ ಐದು ತಾಲ್ಲೂಕಿನಲ್ಲಿ ನನ್ನಷ್ಟು ವಿನಯದ ಮನುಷ್ಯ ಇನ್ನೊಬ್ಬ ಸಿಕ್ಕರೆ ಹಿಡಿದು ತನ್ನಿ, ಈ ಶಾಲು ಅವನಿಗೇ ಹೊದಿಸುತ್ತೇನೆ. ಮುಂದಿನ ಸಾಲಿನ ತಾಯಂದಿರಿಗೆ ಈ ಶಾಲಿನಿಂದ ಒಂದು ತಂಪು ಪರಿಮಳ ಬರುತ್ತಿರಬೇಕು. ಪರದೇಶದ್ದು. ನೀಲಿ ಸೀಸೆಯದು. ನಮ್ಮ ಅಕ್ಕನ ಮಗ ದುಬೈಯಿಂದ ತಂದುಕೊಟ್ಟದ್ದು. ಬೆಲೆ ಕೇಳಬೇಡಿ, ಮಠದಲ್ಲಿ ಅಂಥ ಮಾತು ಆಡಬಾರದು. ಒಂಬತ್ತು ಸಾವಿರ.

ಮತ್ತೆ ಕುಂಯ್ ಅಂದಿತು. ಮಾಸ್ತರೇ, ಪೆಟ್ಟಿಗೆಗೆ ಸ್ವಲ್ಪ ಎಣ್ಣೆ ಬಿಡಿಸಿ.

ಈಗ ದೃಷ್ಟಾಂತಕ್ಕೆ ಬರೋಣ. ಒಂದು ಬಯಲುಸೀಮೆಯ ಊರು. ಆ ಊರಿಗೊಬ್ಬ ಸಾಹುಕಾರ. ಎಂಥ ಸಾಹುಕಾರ? ಅವನ ಮನೆಯ ಬೆಕ್ಕಿಗೆ ಬೆಳ್ಳಿಯ ತಟ್ಟೆ. ಅವನ ಎತ್ತಿಗೆ ಮಧ್ಯಾಹ್ನ ಫ್ಯಾನು. ಬಸ್ ಸ್ಟ್ಯಾಂಡಿನ ಎದುರು ಅವನವೇ ನೂರು ಮಳಿಗೆಗಳು. ಎಲ್ಲಾ ಇತ್ತು. ಆದರೆ ಅವನು ಮೆರೆಯುತ್ತಿದ್ದದ್ದು ಯಾವುದರಿಂದ? ಬಂಗಾರದಿಂದಲ್ಲ, ಕಾರಿನಿಂದಲ್ಲ, ಒಂದು ಸೀಸೆಯಿಂದ! ಪರದೇಶದ ಅತ್ತರು. ಅದರ ಮೂತಿ ಒತ್ತಿದರೆ ಏನು ಬರುತ್ತದೆ? ಮೊದಲು ನಿಂಬೆಹಣ್ಣು ಸುಲಿದ ಹಾಗೆ. ಆಮೇಲೆ ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಹಾಗೆ. ಆಮೇಲೆ ಉಪ್ಪು ಉಪ್ಪು ಗಾಳಿ. ಸಮುದ್ರದ ವಾಸನೆ ಅಂತ ಡಬ್ಬದ ಮೇಲೆ ಬರೆದಿತ್ತು. ಆ ಊರಲ್ಲಿ ಸಮುದ್ರ ನೋಡಿದವರು ಯಾರು? ಯಾರೂ ಇಲ್ಲ. ಆದ್ದರಿಂದ ಏನಾಯಿತು? ಸಾಹುಕಾರ ಹೇಗೆ ಘಮ್ಮೆನ್ನುತ್ತಾನೋ ಸಮುದ್ರವೂ ಹಾಗೇ ಘಮ್ಮೆನ್ನುತ್ತದೆ ಅಂತ ಊರಿಗೆ ಊರೇ ನಂಬಿತು.

ಅವನು ಮದುವೆಗೆ ಹೊರಟರೆ ಅವನಿಗಿಂತ ಮುಂಚೆ ಅವನ ವಾಸನೆ ಮಂಟಪ ಮುಟ್ಟುತ್ತಿತ್ತು. ಅಡುಗೆಯವರು ಸೌಟು ಕೆಳಗಿಡುತ್ತಿದ್ದರು. "ಸಾವ್ಕಾರ್ರು ಬಂದ್ರು, ಕುರ್ಚಿ ಹಾಕ್ರೀ" ಎಂದು ಕೂಗುತ್ತಿದ್ದರು. ಅವನಿನ್ನೂ ಎರಡು ಓಣಿ ದೂರದಲ್ಲಿ! ಆ ಗಳಿಗೆಗಾಗಿ ಅವನು ಬದುಕುತ್ತಿದ್ದ. ನಿಜ ಹೇಳುತ್ತೇನೆ, ಆ ಒಂದು ಗಳಿಗೆಗಾಗಿ.

ಅವನು ಆ ಅತ್ತರನ್ನು ಎಲ್ಲಿ ಹಚ್ಚುತ್ತಿದ್ದ? ಅಂಗಿಗೆ ಹಚ್ಚುತ್ತಿದ್ದ, ಸರಿ. ಕಂಕುಳಿಗೆ ಹಚ್ಚುತ್ತಿದ್ದ, ಸರಿ. ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಊರವರೆಲ್ಲ ಮೂಸುತ್ತಾರೆ, ನನಗೇ ನನ್ನ ವಾಸನೆ ಸಿಗುತ್ತಿಲ್ಲವಲ್ಲ ಅನ್ನಿಸಿತು. ಅದಕ್ಕೆ ದಿನಾ ಬೆಳಗ್ಗೆ ಎರಡು ಬೆರಳಿಗೆ ಒತ್ತಿಕೊಂಡು ಮೀಸೆಗೆ ಸವರಿಕೊಂಡ. ಎಡ ಮೀಸೆಗೆ ಒಂದು ಸಲ, ಬಲ ಮೀಸೆಗೆ ಎರಡು ಸಲ, ಯಾಕೆಂದರೆ ಬಲ ಮೂಗಿನ ಹೊಳ್ಳೆ ಸ್ವಲ್ಪ ದೊಡ್ಡದು. ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ದೃಷ್ಟಾಂತದಲ್ಲಿ ಹಾಗೆಲ್ಲ ಕೇಳಬಾರದು.

ಇನ್ನು ಇದೇ ಸಾಹುಕಾರನ ನೂರು ಮಳಿಗೆಗಳ ಪೈಕಿ ಒಂದರಲ್ಲಿ, ಎರಡು ಆಳು ಕೂಡುವಷ್ಟು ಜಾಗದಲ್ಲಿ, ಒಬ್ಬ ಅತ್ತರಿನ ಅಜ್ಜ ಇದ್ದ. ನಲವತ್ತು ವರ್ಷದಿಂದ ಅದೇ ಜಾಗ. ಹಿಂದೆ ಗಾಜಿನ ಕಪಾಟು, ಮುಂದೆ ಅರಳೆಯ ಗಂಟು. ಅರಳೆಯನ್ನು ಅತ್ತರಿನಲ್ಲಿ ಅದ್ದಿ ಉಂಡೆ ಮಾಡಿ ಕೊಡುತ್ತಿದ್ದ, ಗಿರಾಕಿ ಅದನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದ. ಈ ಅಜ್ಜನದು ಒಂದು ಪದ್ಧತಿ. ಕೇಳಿ, ಇದನ್ನು ನೆನಪಿಟ್ಟುಕೊಳ್ಳಿ. ತಾನು ಮಾತ್ರ ಯಾವತ್ತೂ ಒಂದು ಹನಿ ಅತ್ತರು ಹಚ್ಚುತ್ತಿರಲಿಲ್ಲ. ಬೆಳಗ್ಗೆ ಕಡಲೆಹಿಟ್ಟಿನಲ್ಲಿ ಕೈ ಮುಖ ತೊಳೆದು ಕೂಡುತ್ತಿದ್ದ. "ಯಾಕಜ್ಜಾ, ಊರಿಗೆಲ್ಲಾ ಹಚ್ಚತಿ, ನೀ ಯಾಕ ಹಚ್ಚಗೊಳ್ಳಂಗಿಲ್ಲ?" ಅಂದರೆ, "ತೂಗೂ ತಕ್ಕಡ್ಯಾಗ ಮದಲ ಕಲ್ಲು ಇಡಬಾರದಪಾ" ಅನ್ನುತ್ತಿದ್ದ. ಗಿರಾಕಿಗೆ ಎರಡು ನಮೂನೆ ಮೂಸಲು ಕೊಟ್ಟರೆ ನಡುವೆ ಒಂದು ಬರೀ ಅರಳೆ ಕೊಡುತ್ತಿದ್ದ, ಬಾವಿನೀರಲ್ಲಿ ಅದ್ದಿದ್ದು. ಯಾಕೆ? ಮೂಗಿಗೆ ವಿಶ್ರಾಂತಿ ಬೇಕಲ್ಲ! ದಣಿದ ಮೂಗು ಸುಳ್ಳು ಹೇಳುತ್ತದಂತೆ.

ಸಾಹುಕಾರ ದಿನಾ ಅವನ ಅಂಗಡಿಯ ಮುಂದೆ ಹಾಯುತ್ತಿದ್ದ. ಅಜ್ಜ ಕಣ್ಣು ಮುಚ್ಚಿ ಮೂಸುತ್ತಿದ್ದ. ಆರು ತಿಂಗಳು ಮೂಸಿದ. ಹನಿ ಹನಿ ಕೂಡಿಸಿದ, ಚೆಲ್ಲಿದ, ಮತ್ತೆ ಕೂಡಿಸಿದ. ಕೊನೆಗೊಂದು ದಿನ ಸಣ್ಣ ಸೀಸೆಯಲ್ಲಿ ಸಮುದ್ರವನ್ನು ಹಿಡಿದಿಟ್ಟ. ಅದೂ ಎಷ್ಟಕ್ಕೆ? ನೂರೈವತ್ತಕ್ಕೆ! ಆದರೆ ಮಾರುವಾಗ ಸುಳ್ಳು ಹೇಳಿದನಾ? ಇಲ್ಲ. ಬಂದವರಿಗೆಲ್ಲ ಹೇಳುತ್ತಿದ್ದ: "ಇದು ಸಾವ್ಕಾರ್ರದ್ದಲ್ರೀ, ಅದರ ತಮ್ಮ. ಅವರದು ಸಂಜೀ ತನಕ ಇರತೈತಿ, ನಂದು ಮಧ್ಯಾಹ್ನದ ಊಟಕ್ಕ ಹಾರಿ ಹೊಕ್ಕೈತಿ. ಮದಲಿಗೆ ಜರಾ ಸಾಬಾಣದ ವಾಸನಿ ಹೊಡೀತೈತಿ, ಗಾಬರಿ ಆಗಬ್ಯಾಡ್ರಿ, ಹತ್ತು ನಿಮಿಷ ತಡೀರಿ."

ಊರು ತಡೆಯಿತು. ಹತ್ತು ನಿಮಿಷ ತಡೆದವರೆಲ್ಲ ಸಾಹುಕಾರರಾದರು! ಕಂಡಕ್ಟರ್ ಸಾಹುಕಾರ. ಬ್ಯಾಂಡ್ ಬಾರಿಸುವವ ಸಾಹುಕಾರ. ಪಂಕ್ಚರ್ ಅಂಗಡಿಯವ ಸಾಹುಕಾರ. ಟೇಲರ್ ಹೊಲಿದುಕೊಟ್ಟ ಅಂಗಿಯೂ ಸಾಹುಕಾರ. ಸೊಳ್ಳೆಗಳು ಕೂಡ ಆ ಊರಲ್ಲಿ ಘಮಘಮ ಅನ್ನುತ್ತಾ ಹಾರುತ್ತಿದ್ದವು. ನಾನೇ ಒಂದನ್ನು ಹಿಡಿದು ಮೂಸಿದ್ದೇನೆ.

ಕುಂಯ್. ಹೌದು ಮಾಸ್ತರೇ, ಹೌದು.

ಒಂದು ದಿನ ಸಾಹುಕಾರ ಮದುವೆಗೆ ಹೋದ. ಎರಡು ಓಣಿ ದೂರದಿಂದಲೇ ಕಿವಿ ನಿಮಿರಿಸಿಕೊಂಡು ನಡೆದ. "ಸಾವ್ಕಾರ್ರು ಬಂದ್ರು" ಅನ್ನುವ ಕೂಗು ಬರಲಿಲ್ಲ. ಮಂಟಪದೊಳಗೆ ಕಾಲಿಟ್ಟ. ಯಾರೂ ತಿರುಗಿ ನೋಡಲಿಲ್ಲ. ಯಾಕೆ ನೋಡುತ್ತಾರೆ? ಅಲ್ಲಿ ಆಗಲೇ ಮೂವತ್ತು ಸಮುದ್ರಗಳು ಕೂತಿದ್ದವು! ಬಾಗಿಲಲ್ಲಿ ಎಲೆ ಅಡಿಕೆ ಹಂಚುತ್ತಿದ್ದ ಮುದುಕಿಯೊಬ್ಬಳು, ತಲೆ ಕೂಡ ಎತ್ತದೆ, ವಾಸನೆ ಹಿಡಿದೇ ಹೇಳಿದಳು: "ಏ ಬ್ಯಾಂಡಿನವನ, ನಿಮ್ಮ ಪಂಕ್ತಿ ಹಿಂದೈತಿ, ಆ ಕಡೆ ಹೋಗಪಾ."

ಬ್ಯಾಂಡಿನವನು! ಯೋಚನೆ ಮಾಡಿ. ಅವನ ಎದೆ ಹೇಗೆ ಒಡೆದಿರಬೇಕು? ಊಟ ಮಾಡಲಿಲ್ಲ. ಅಕ್ಷತೆ ಹಾಕಲಿಲ್ಲ. ನೆಟ್ಟಗೆ ಅತ್ತರಿನ ಅಂಗಡಿಗೆ ನಡೆದ.

"ಏ ಮುದುಕಾ, ಏನು ಮಾರಾಕತ್ತಿ?"

"ಅತ್ತರ ಮಾರಾಕತ್ತೀನ್ರಿ ಧಣ್ಯಾರ."

"ನನ್ನ ವಾಸನಿ ಮಾರಾಕತ್ತಿ! ನಕಲಿ ಮಾಡಿ, ನನ್ನ ಹೆಸರು ಕೆಡಿಸಾಕತ್ತಿ!"

"ವಾಸನಿಗೆ ಹೆಸರೆಲ್ಲಿ ಇರತೈತ್ರಿ? ನಾ ಯಾರಿಗೂ ಇದು ಅಸಲಿ ಅಂತ ಹೇಳಿ ಕೊಟ್ಟಿಲ್ರಿ. ತಮ್ಮ ಅಂತ ಹೇಳೇ ಕೊಟ್ಟೀನಿ."

"ತಮ್ಮನೋ ಅಣ್ಣನೋ, ನಾಳಿಂದ ಇದು ಇಲ್ಲಿ ಇರಬಾರದು. ಇದ್ದರ ನೀ ಇರಬಾರದು. ಮಳಿಗಿ ನಂದು."

ನೋಡಿ, ಮಾತು ಎಲ್ಲಿಗೆ ಬಂತು! ನಲವತ್ತು ವರ್ಷ ಕೂತ ಜಾಗ. ಆ ಗಾಜಿನ ಕಪಾಟಿನ ಹಿಂದೆ ಅವನ ಮಕ್ಕಳು ಬೆಳೆದಿದ್ದರು. ಬಸ್ಸಿಳಿದವರಿಗೆ ಮೊದಲು ಕಾಣುವುದು ಅವನ ಅಂಗಡಿ. ಎಪ್ಪತ್ತರ ವಯಸ್ಸಿನಲ್ಲಿ ಅರಳೆ ಗಂಟು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಅಜ್ಜ ಕೈಯಲ್ಲಿದ್ದ ಸೀಸೆಗೆ ಮುಚ್ಚಳ ಹಾಕಿದ. ಆಮೇಲೆ ಕೇಳಿದ: "ಧಣ್ಯಾರ, ನಿಮ್ಮದಕ್ಕೂ ನಂದಕ್ಕೂ ಅಷ್ಟು ಫರಕ್ ಇದ್ದರ ನಿಮ್ಮ ಮೂಗಿಗೆ ಗೊತ್ತಾಗಬೇಕಲ್ರಿ? ನಾಳೆ ಮೂಸಿ ಹೇಳ್ರಿ. ಯಾವುದು ಅಸಲಿ ಅಂತ ಆರಿಸಿದ್ರ ನಾ ಕಪಾಟ ಕಟ್ಟಿಕೊಂಡು ಹೊಕ್ಕೀನಿ. ತಪ್ಪಿದ್ರ ನನ್ನ ಪಾಡಿಗೆ ನನ್ನ ಬಿಡ್ರಿ."

"ಆಗಲಿ!" ಅಂದ ಸಾಹುಕಾರ. ಹೊರಡುವಾಗ ಅಜ್ಜ ಹಿಂದಿನಿಂದ ಒಂದು ಮಾತು ಹೇಳಿದ. ಆ ಮಾತೇ ಈ ಕಥೆಯ ಕೀಲಿಕೈ. ಏನು ಹೇಳಿದ?

"ಧಣ್ಯಾರ, ಸಿಟ್ಟಾಗಬ್ಯಾಡ್ರಿ. ನಾಳೆ ಬರೂಮುಂದ ಮೀಸಿ ತೊಳಕೊಂಡು ಬರ್ರಿ."

ಎದುರಾಳಿಯ ಗೆಲುವಿನ ದಾರಿಯನ್ನು ತಾನೇ ಹೇಳಿಕೊಟ್ಟ! ಇದಕ್ಕಿಂತ ದೊಡ್ಡ ಮನಸ್ಸು ಉಂಟಾ? ಸಾಹುಕಾರ ಏನು ಮಾಡಿದ? "ನನ್ನ ಮೀಸಿಗೆ ಬುದ್ಧಿ ಹೇಳತಿ ಏನಲೇ?" ಅಂದ. ಮರುದಿನ ಬೆಳಗ್ಗೆ ಎಡ ಮೀಸೆಗೆ ಎರಡು ಸಲ, ಬಲ ಮೀಸೆಗೆ ನಾಲ್ಕು ಸಲ ಸವರಿಕೊಂಡು ಹೊರಟ.

ಬಸ್ ಸ್ಟ್ಯಾಂಡಿನ ಎದುರು ಜನ! ಎಷ್ಟು ಜನ? ಐದು ಸಾವಿರ. ಬೇವಿನ ಮರದ ಮೇಲೆ ಇನ್ನೂರು. ಬಸ್ಸುಗಳು ನಿಂತವು, ಡ್ರೈವರುಗಳು ಬಸ್ಸಿನ ತಲೆಯ ಮೇಲೆ ಹತ್ತಿ ಕೂತರು. ಅಜ್ಜ ಒಂದು ಹಿತ್ತಾಳೆ ತಟ್ಟೆಯಲ್ಲಿ ಮೂರು ಅರಳೆ ಉಂಡೆ ಇಟ್ಟ. ಒಂದು ಸಾಹುಕಾರನ ಸೀಸೆಯದು. ಒಂದು ಅಜ್ಜನ ಸೀಸೆಯದು. ಇನ್ನೊಂದು? ಹೇಳಿದ್ದೆನಲ್ಲ, ಅವನ ಪದ್ಧತಿ, ಬಾವಿನೀರಿನ ಬರೀ ಅರಳೆ. ಮೂಗಿನ ವಿಶ್ರಾಂತಿಗೆ. ಯಾವುದು ಯಾವುದು ಅಂತ ಅಜ್ಜನೊಬ್ಬನಿಗೇ ಗೊತ್ತು.

ಸಾಹುಕಾರ ಮೊದಲನೆಯದನ್ನು ಮೂಗಿಗೆ ಹಿಡಿದ. ಸಮುದ್ರ. ಎರಡನೆಯದು ಹಿಡಿದ. ಸಮುದ್ರ. ಮೂರನೆಯದು ಹಿಡಿದ. ಅದೂ ಸಮುದ್ರ! ಹಣೆಯ ಮೇಲೆ ಬೆವರು ಒಡೆಯಿತು. ಮತ್ತೆ ಮೊದಲಿನಿಂದ ಮೂಸಿದ. ಎಲ್ಲೆಲ್ಲೂ ತಾನೇ, ಎಲ್ಲೆಲ್ಲೂ ತನ್ನದೇ ವಾಸನೆ. ಜನ ನೋಡುತ್ತಿದ್ದಾರೆ. ಮರದ ಮೇಲಿನವರು ನೋಡುತ್ತಿದ್ದಾರೆ. ಸುಮ್ಮನಿದ್ದರೆ ಮಾನ ಹೋಗುತ್ತದೆ. ಕೊನೆಗೆ ಒಂದನ್ನು ಎತ್ತಿ ಹಿಡಿದು ಕೂಗಿದ: "ಇದು! ಇದೇ ಅಸಲಿ! ಇದರ ಮುಂದ ಉಳಿದವು ನೀರು!"

ಯಾವುದನ್ನು ಎತ್ತಿದ್ದ?

ಹ್ಞಾ, ನೀವು ಊಹಿಸಿದಿರಿ. ಬಾವಿನೀರಿನದು. ಬರೀ ಅರಳೆ.

ಈಗ ಅಜ್ಜನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ನಾನಿದ್ದರೆ ಮೈಕು ತರಿಸುತ್ತಿದ್ದೆ! ಐದು ಸಾವಿರ ಜನ, ಒಂದು ಮಾತು ಸಾಕಿತ್ತು. ಸಾಹುಕಾರ ಬಾವಿನೀರನ್ನು ಮೂಸಿ ಸಮುದ್ರ ಅಂದ ಅಂತ ಮೊಮ್ಮಕ್ಕಳ ಕಾಲದವರೆಗೂ ಆ ಊರು ನಗುತ್ತಿತ್ತು. ಮಳಿಗೆಯೂ ಉಳಿಯುತ್ತಿತ್ತು. ಅಜ್ಜ ಏನು ಮಾಡಿದ? ಆ ಅರಳೆಯನ್ನು ಸಾಹುಕಾರನ ಮುಷ್ಟಿಯೊಳಗೇ ಮಡಿಸಿದ. ಜನರ ಕಡೆ ತಿರುಗಿ, "ಧಣ್ಯಾರು ಗೆದ್ದರು" ಅಂದ. ಆಮೇಲೆ ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿದ: "ಇದನ್ನ ಮನಿಗೆ ಒಯ್ರಿ. ಮೀಸಿ ತೊಳಕೊಂಡು ಒಂದು ಸಲ ಮೂಸ್ರಿ. ಆಮ್ಯಾಲ ಏನ ಹೇಳತೀರಿ ಹೇಳ್ರಿ." ಅಷ್ಟು ಹೇಳಿ ಒಳಗೆ ಹೋಗಿ ಸೀಸೆಗಳನ್ನು ಒಂದೊಂದಾಗಿ ಹಳೆ ಪತ್ರಿಕೆಯಲ್ಲಿ ಸುತ್ತತೊಡಗಿದ.

ನೋಡಿ, ನೋಡಿ. ಹಿಂದಿನ ಸಾಲಿನ ತಾಯಂದಿರು ಸೆರಗಿನಿಂದ ಮೂಗು ಮುಚ್ಚಿಕೊಂಡು ಅಳುತ್ತಿದ್ದಾರೆ. ಅಣ್ಣಂದಿರ ಕಣ್ಣಲ್ಲೂ ನೀರು. ಕಥೆ ಅಂದರೆ ಹೀಗೆ ಮುಟ್ಟಬೇಕು. ಅಳಿ ತಾಯಿ, ತಡೆಯಬೇಡಿ. ನನ್ನ ಪ್ರವಚನ ಕೇಳಿ ಹೋದ ಸಲ ಒಂದು ಕಲ್ಲುಕಂಬವೇ ಅತ್ತಿತ್ತು.

ಸಾಹುಕಾರ ಮನೆಗೆ ಬಂದ. ಹಿತ್ತಲಿನ ಬಚ್ಚಲಲ್ಲಿ ಕೂತು ಕಡಲೆಹಿಟ್ಟು ಹಚ್ಚಿ ಮೀಸೆ ತಿಕ್ಕಿದ. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಮುಷ್ಟಿ ಬಿಚ್ಚಿ ಅರಳೆ ಮೂಸಿದ. ಏನೂ ಇಲ್ಲ. ಬರೀ ಅರಳೆ. ಕುಸಿದು ಕೂತ. ಕೂತವನಿಗೆ ಅಡುಗೆಮನೆಯಿಂದ ಏನೋ ವಾಸನೆ ಬಂತು. ಹೆಂಡತಿ ಹಾಕುತ್ತಿದ್ದ ಬೆಳ್ಳುಳ್ಳಿ ಒಗ್ಗರಣೆ. ಹನ್ನೆರಡು ವರ್ಷದಿಂದ ದಿನಾ ಹಾಕುತ್ತಿದ್ದಳು, ಹನ್ನೆರಡು ವರ್ಷದಿಂದ ಅವನು ಉಂಡದ್ದು ಸಮುದ್ರವನ್ನೇ! ಮೊಮ್ಮಗಳು ಓಡಿ ಬಂದು ಮಡಿಲಲ್ಲಿ ಕೂತಳು. ಅವಳ ನೆತ್ತಿಯಲ್ಲಿ ಕೊಬ್ಬರಿ ಎಣ್ಣೆ, ಬಿಸಿಲು, ಮಣ್ಣು. ತನ್ನ ಮೊಮ್ಮಗಳ ವಾಸನೆ ಯಾವುದು ಅಂತ ಆ ಸಾಹುಕಾರನಿಗೆ ಆವತ್ತೇ ಗೊತ್ತಾದದ್ದು.

ಅವನು ಎದ್ದ. ಚಪ್ಪಲಿ ಕೂಡ ಮೆಟ್ಟದೆ ಅಂಗಡಿಗೆ ಓಡಿದ. ಪತ್ರಿಕೆ ಬಿಚ್ಚಿ ಸೀಸೆಗಳನ್ನು ತನ್ನ ಕೈಯಾರೆ ಕಪಾಟಿನಲ್ಲಿ ಜೋಡಿಸಿದ. ಆಮೇಲೆ ಕೇಳಿದ: "ಅಜ್ಜಾ, ಖರೇ ಹೇಳು. ಎರಡರಾಗ ಯಾವುದು ಸಮುದ್ರ?"

ಅಜ್ಜ ನಕ್ಕ. "ನನಗೇನ ಗೊತ್ರಿ? ನಮ್ಮ ಸೊಸಿ ಹೊನ್ನಾವರದ ಕಡಿಯಾಕಿ. ಆಕಿಗೆ ಎರಡೂ ಮೂಸಿಸಿದೆ. 'ಮಾವಾ, ಸಮುದ್ರ ಅಂದ್ರ ಒಣಮೀನು, ತೊಯ್ದ ಹಗ್ಗ, ದೋಣಿ ಎಣ್ಣಿ. ಅದು ಅವರ ಸೀಸ್ಯಾಗೂ ಇಲ್ಲ, ನಿಮ್ಮ ಸೀಸ್ಯಾಗೂ ಇಲ್ಲ' ಅಂದಳು. ಧಣ್ಯಾರ, ನಾ ನಿಮ್ಮದರ ನಕಲಿ ಮಾಡಿದೆ. ನಿಮ್ಮ ಸೀಸಿಯವರು ಸಮುದ್ರದ ನಕಲಿ ಮಾಡ್ಯಾರ. ಇದರಾಗ ದೊಡ್ಡವರು ಯಾರ್ರಿ?"

ಈಗ ಹೇಳಿ, ಈ ಕಥೆ ಯಾರದು? ಸಾಹುಕಾರನದಾ? ಅಲ್ಲ, ನಿಮ್ಮದು! ನಿಮ್ಮ ನಿಮ್ಮ ಮೀಸೆಯದು. ತಾಯಂದಿರು ನಗಬೇಡಿ, ನಿಮಗೂ ಮೀಸೆ ಇದೆ, ಕಾಣುವುದಿಲ್ಲ ಅಷ್ಟೇ. ಒಬ್ಬರಿಗೆ ಮನೆತನದ ಮೀಸೆ. ಒಬ್ಬರಿಗೆ ಮಗಳ ಮಾರ್ಕಿನ ಮೀಸೆ. ಒಬ್ಬರಿಗೆ ನಾನು ಹಬ್ಬಕ್ಕೆ ಇಷ್ಟು ಹೋಳಿಗೆ ಮಾಡಿದೆ ಅನ್ನುವ ಮೀಸೆ. ಅದಕ್ಕೆ ದಿನಾ ಬೆಳಗ್ಗೆ ಸವರಿಕೊಳ್ಳುತ್ತೀರಿ. ಆಮೇಲೆ ಎಲ್ಲಿ ಹೋದರೂ ನಿಮಗೆ ನೀವೇ ಘಮ್ಮೆನ್ನುತ್ತೀರಿ. ಎದುರಿನವನ ಕಷ್ಟ ಮೂಸಲು ಬರುವುದಿಲ್ಲ, ಅವನ ಪ್ರೀತಿಯೂ ಬರುವುದಿಲ್ಲ.

ಆದ್ದರಿಂದ ನಾಳೆ ಬೆಳಗ್ಗೆಯಿಂದ ಏನು ಮಾಡಬೇಕು? ಅತ್ತರು ಬಿಡಿ ಅಂತ ನಾನು ಹೇಳುವುದಿಲ್ಲ. ನೂರೈವತ್ತರದ್ದು ಹಚ್ಚಿ, ಚೆನ್ನಾಗಿಯೇ ಇರುತ್ತದೆ, ಮಧ್ಯಾಹ್ನ ಹೋದರೆ ಮತ್ತೆ ಹಚ್ಚಿ. ಆದರೆ ಅಂಗಿಗೆ ಹಚ್ಚಿ, ಮೂಗಿನ ಕೆಳಗೆ ಹಚ್ಚಬೇಡಿ. ಯಾರಾದರೂ ಅಗ್ಗದ್ದು ಹಚ್ಚಿಕೊಂಡು ಬಂದರೆ ಮುಖ ಸಿಂಡರಿಸಬೇಡಿ, ಪಕ್ಕದಲ್ಲಿ ಜಾಗ ಕೊಡಿ. ಅಂಗಡಿಯವನು ನಿಮ್ಮ ಮೇಲಿನ ನಂಬಿಕೆಯಿಂದ ಕೂತಿದ್ದರೆ ಅವನನ್ನು ಎಬ್ಬಿಸಬೇಡಿ. ಊಟಕ್ಕೆ ಕೂತಾಗ ಮೊದಲ ತುತ್ತಿನ ಮುಂಚೆ ಒಮ್ಮೆ ಮೂಸಿ, ಮಾಡಿದವಳಿಗೆ ಚೆನ್ನಾಗಿದೆ ಅನ್ನಿ. ನನ್ನಂಥ ಮೂಗು ನಿಮಗೆ ಇಲ್ಲದಿರಬಹುದು. ಆದರೆ ಇದ್ದ ಮೂಗನ್ನಾದರೂ...

ಏನವ್ವಾ ಶಂಕ್ರವ್ವ? ಮುಂದಿನ ಸಾಲಿನಲ್ಲಿ ಕೂತವರು ಹೀಗೆ ನಡುವೆ ಏಳಬಾರದು. ಏನಂದಿರಿ? ಮೈಕಿನ ಸದ್ದಿಗೆ ಕೇಳಲಿಲ್ಲ, ಇನ್ನೊಮ್ಮೆ ಹೇಳಿ.

"ಹುಗ್ಗಿ ತಳಾ ಹತ್ತೈತ್ರಿ ಶರಣರ! ಅರ್ಧ ತಾಸು ಆತು. ಅಡಿಗಿ ಮನ್ಯಾಗ ಯಾರೂ ಇಲ್ಲ, ಎಲ್ಲಾರೂ ನಿಮ್ಮ ಕಥಿ ಕೇಳಾಕ ಬಂದು ಕುಂತಾರ. ಈ ಹೊಗಿಗೆ ನಾವು ಮೂಗು ಮುಚ್ಚಿಕೊಂಡು ಕುಂತೀವಿ. ಹಡಗ ತಿರುವಿದ ಮೂಗಿಗೆ ಹತ್ತು ಮಾರಿನ ಮ್ಯಾಲಿನ ಹುಗ್ಗಿ ವಾಸನಿ ಬರಲಿಲ್ಲೇನ್ರಿ?"

ಹುಗ್ಗಿಯಾ? ಇಲ್ಲಿಯಾ? ಇಷ್ಟು ಹೊತ್ತು ನೀವು ಅತ್ತದ್ದು... ಹೊಗೆಗಾ?

ನಗಿ, ನಗಿ. ಯಾರಾದರೂ ಹೋಗಿ ಒಲೆ ಆರಿಸಿ ಮೊದಲು.

ಏನು ಶಂಕ್ರವ್ವ, ಇನ್ನೂ ಕೂಡಲಿಲ್ಲ? ಶರಣರ ಮೀಸಿಗೆ ಏನು ಹಚ್ಚ್ಯಾರ ಅಂತ ಕೇಳುತ್ತಿದ್ದೀರಾ? ಶಾಲಿಗೆ ಹಚ್ಚಿದ್ದೇನೆ ಅಂತ ಹೇಳಿದೆನಲ್ಲ... ಮಾಸ್ತರೇ, ಆ ಪೆಟ್ಟಿಗೆಯನ್ನು ಒಂದು ಕ್ಷಣ ಮುಚ್ಚುತ್ತೀರಾ? ಹೋಗಲಿ, ಬೇಡ, ತೆರೆದೇ ಇಡಿ.

ಹಚ್ಚಿದ್ದೇನೆ ತಾಯಿ. ಮೀಸೆಗೆ ಹಚ್ಚಿದ್ದೇನೆ. ಎಡಕ್ಕೆ ಒಂದು ಸಲ, ಬಲಕ್ಕೆ ಎರಡು ಸಲ.

ಆ ಸಾಹುಕಾರ ನಾನೇ. ಬೆಳ್ಳಿಯ ತಟ್ಟೆ, ಎತ್ತಿನ ಫ್ಯಾನು ಎಲ್ಲ ಸುಳ್ಳು. ನೂರು ಮಳಿಗೆಯಲ್ಲ, ಎರಡೇ. ನಮ್ಮೂರ ಬಸ್ ಸ್ಟ್ಯಾಂಡಿನ ಎದುರು ಇವೆ. ಅದರಲ್ಲಿ ಒಂದರಲ್ಲಿ ಇರುವವರು ದಾವಲಸಾಬರು, ಕಥೆಯ ಅತ್ತರಿನ ಅಜ್ಜ. ನಮ್ಮ ತಂದೆಯ ಕಾಲದಿಂದ ಅಲ್ಲಿದ್ದಾರೆ. ಮಂಟಪದ ಬಾಗಿಲಲ್ಲಿ "ಏ ಬ್ಯಾಂಡಿನವನ" ಅನ್ನಿಸಿಕೊಂಡದ್ದು ನಾನು. ಐದು ಸಾವಿರ ಜನ ಸೇರಿರಲಿಲ್ಲ. ಅಂಗಡಿಯಲ್ಲಿ ಇದ್ದದ್ದು ಮೂರೇ ಜನ. ದಾವಲಸಾಬರು, ನಾನು, ಈ ಮಾಸ್ತರರು.

ಇನ್ನೂ ಇದೆ. ದುಬೈಯ ಸೀಸೆ ನಿಜ, ಅಕ್ಕನ ಮಗ ತಂದದ್ದೂ ನಿಜ. ಆದರೆ ಅದು ಖಾಲಿಯಾಗಿ ಎರಡು ವರ್ಷವಾಯಿತು. ಅಷ್ಟು ಬೆಲೆಯದ್ದನ್ನು ನಾನೆಲ್ಲಿ ತರಲಿ? ಮಾಸ್ತರರ ಕೈಯಲ್ಲಿ ಗುಟ್ಟಾಗಿ ನೂರೈವತ್ತರದ್ದು ತರಿಸಿ ಅದೇ ನೀಲಿ ಸೀಸೆಗೆ ತುಂಬಿಸುತ್ತಿದ್ದೆ. ಯಾರ ಅಂಗಡಿಯದು? ದಾವಲಸಾಬರದ್ದೇ! ಆವತ್ತು ತಟ್ಟೆಯಲ್ಲಿಟ್ಟ ಎರಡು ಅತ್ತರಿನ ಉಂಡೆಗಳೂ ಅವರವೇ. ತಾವು ಮಾಡಿದ್ದು ಅವರಿಗೆ ಗೊತ್ತಾಗುವುದಿಲ್ಲವೇ? ನನ್ನ ಸೀಸೆಯ ಮುಚ್ಚಳ ತೆಗೆದ ಕೂಡಲೇ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ನಾನು ಬರೀ ಅರಳೆಯನ್ನು ಆರಿಸಿ ಅಸಲಿ ಅಂದೆ. "ಗೆದ್ದ್ರಿ" ಅಂದರು. ಅವರದೇ ಅತ್ತರನ್ನು ಮೀಸೆಗೆ ಹಚ್ಚಿಕೊಂಡು, ಅತ್ತರು ಮಾರಬೇಡ ಅಂತ ಅವರನ್ನು ನಾನು ಎಬ್ಬಿಸುತ್ತಿದ್ದೇನೆ.

ಎಬ್ಬಿಸುತ್ತಿದ್ದೆ ಅಲ್ಲ, ಎಬ್ಬಿಸುತ್ತಿದ್ದೇನೆ. ಯಾಕೆಂದರೆ ಕಥೆಯ ಸಾಹುಕಾರ ಚಪ್ಪಲಿ ಮೆಟ್ಟದೆ ಓಡಿದನಲ್ಲ, ನಾನಿನ್ನೂ ಓಡಿಲ್ಲ. ಅವರು ಕಪಾಟು ಎತ್ತುವುದು ನಾಳೆ ಬೆಳಗ್ಗೆ. ಆ ಅರಳೆ ಈ ಅಂಗಿಯ ಜೇಬಿನಲ್ಲಿದೆ, ನೋಡಿ. ನಾಲ್ಕು ದಿನದಿಂದ ಇದೆ. ಇವತ್ತು ಬೆಳಗ್ಗೆ ಇದೇ ಮಠದ ಬಾವಿಯಲ್ಲಿ ನೀರು ಸೇದಿ ಮೀಸೆ ತೊಳೆದೆ, ಮೂಸಿದೆ. ಏನೂ ಇರಲಿಲ್ಲ. ಗೊತ್ತಾಯಿತು. ಹೆಂಡತಿಯ ಒಗ್ಗರಣೆ, ಮೊಮ್ಮಗಳ ನೆತ್ತಿ ಕಥೆಗೆ ಸೇರಿಸಿದ್ದು. ನನಗೆ ಮೊದಲು ಬಂದದ್ದು ಪಕ್ಕದಲ್ಲಿ ನಿಂತ ಮಾಸ್ತರರ ನಶ್ಯದ ವಾಸನೆ. ಗೊತ್ತಾದ ಮೇಲೆ ಏನು ಮಾಡಿದೆ? ಮತ್ತೆ ಹಚ್ಚಿಕೊಂಡೆ. ಹಚ್ಚಿಕೊಂಡು ಈ ವೇದಿಕೆ ಹತ್ತಿ ನಿಮಗೆ ಅಹಂಕಾರ ಬಿಡಿ ಅಂದೆ.

ಶಂಕ್ರವ್ವ, ಒಂದು ಚೊಂಬು ನೀರು ಕೊಡುತ್ತೀರಾ? ಕಡಲೆಹಿಟ್ಟು ಇದ್ದರೆ ಅದನ್ನೂ. ಇಲ್ಲೇ ತೊಳೆಯುತ್ತೇನೆ, ಎಲ್ಲರ ಮುಂದೆ. ಬಚ್ಚಲಿಗೆ ಹೋದರೆ ಬರುವಷ್ಟರಲ್ಲಿ ಮನಸ್ಸು ಬದಲಾಗುತ್ತದೆ, ನನ್ನ ಮನಸ್ಸು ನನಗೆ ಗೊತ್ತು. ಶಾಲು ಒದ್ದೆಯಾದರೆ ಆಗಲಿ.

ಅಬ್ಬಾ!

ತಾಯಿ, ಹುಗ್ಗಿ ಬಹಳ ಸೀದಿದೆಯಲ್ಲ! ಇಷ್ಟು ಹೊತ್ತು ಹೇಗೆ ಕೂತಿರಿ ನೀವು? ನಿಮ್ಮದು ದೊಡ್ಡ ಭಕ್ತಿ.

ಇವತ್ತಿಗೆ ಇಷ್ಟೇ. ಮಂಗಳಾರತಿ ನೀವೇ ಮಾಡಿಕೊಳ್ಳಿ. ಏಳೂಕಾಲರ ಬಸ್ಸು ಹಿಡಿದರೆ ದಾವಲಸಾಬರು ಬಾಗಿಲು ಹಾಕುವುದರೊಳಗೆ ಮುಟ್ಟುತ್ತೇನೆ. ಸುತ್ತಿಟ್ಟ ಸೀಸೆಗಳನ್ನು ಬಿಚ್ಚಬೇಕು. ತಳ ಬಿಟ್ಟು ಮೇಲಿನ ಹುಗ್ಗಿ ಒಂದು ಡಬ್ಬಿಯಲ್ಲಿ ಹಾಕಿಕೊಡಿ, ಅವರಿಗೆ ಒಯ್ಯುತ್ತೇನೆ. ಸೀದ ವಾಸನೆ ಬರುತ್ತದೆ ಅಂತೀರಾ? ಬರಲಿ. ಅವರದು ತೊಳೆದ ಮೂಗು, ನಾನು ಎಲ್ಲಿಂದ ಎದ್ದು ಬಂದೆ ಅಂತ ಅದೇ ಹೇಳುತ್ತದೆ.

ಇನ್ನೇನು ಶಂಕ್ರವ್ವ? ಹಡಗಾ? ಎಲ್ಲಾ ಹೇಳಿಸಿಯೇ ಬಿಡುತ್ತೀರಿ ನೀವು. ಹಡಗೂ ಇಲ್ಲ, ಕ್ಯಾಪ್ಟನ್ನೂ ಇಲ್ಲ. ನಾನು ಸಮುದ್ರವನ್ನೇ ನೋಡಿಲ್ಲ ತಾಯಿ. ನಮ್ಮೂರ ಕೆರೆ ನೋಡಿದ್ದೇನೆ. ಅದರಲ್ಲೂ ಮೊಣಕಾಲಿನವರೆಗೆ ಮಾತ್ರ ಇಳಿದಿದ್ದೇನೆ.

ಕೇಳಿದಿರಾ? ಪೆಟ್ಟಿಗೆ ಕುಂಯ್ ಅನ್ನಲಿಲ್ಲ.